ಎರವಲು ಸೋಫಾ

ಮನೆಯ ಫೋಟೋ ಕಳಿಸಿ ಎಂದು ವಿಶ್ವವಿದ್ಯಾಲಯದವರು ಕೇಳಿದ್ದೇ ತಡ, ವಾಗಿಯೆಮ್ ಪೊರಕೆ ಹಿಡಿದು ನಿಂತುಬಿಟ್ಟಳು. ಮುಂಬಾಗಿಲು, ಕೂರುವ ಕೋಣೆ, ಅಡುಗೆಮನೆ, ಎಲ್ಲದರದ್ದೂ ಬೇಕಂತೆ. ಮನೆಯ ಸ್ಥಿತಿಗತಿ ನೋಡಿ ಶುಲ್ಕ ಗೊತ್ತುಮಾಡುವುದು ಅಲ್ಲಿಯ ಪದ್ಧತಿ. ತೀರ ಬಡವರಿಗೆ ಮೊದಲ ಮೆಟ್ಟಿಲು, ಆರು ತಿಂಗಳಿಗೆ ಐದು ಲಕ್ಷ ರುಪಿಯಾ, ಅಂದರೆ ಒಂದು ಜೊತೆ ಒಳ್ಳೆಯ ಬೂಟಿನ ಬೆಲೆ. ಉಳ್ಳವರಿಗೆ ಮೆಟ್ಟಿಲು ಏರಿದಂತೆ ಶುಲ್ಕವೂ ಏರುತ್ತದೆ. ಇದನ್ನೆಲ್ಲ ಮಗಳು ತ್ಯಾಸ್ ಬಿಡಿಸಿ ಬಿಡಿಸಿ ಹೇಳಿದಳು. ಗೋಡೆಗೆ ಹೇಳಿದಂತಾಯಿತು.

"ನಮ್ಮ ಬಡತನ ನೋಡೋಕೇ ಅವ್ರು ಫೋಟೋ ಕೇಳಿರೋದು ಅಮ್ಮ. ಇದ್ದದ್ದು ಇದ್ದ ಹಾಗೇ ಇರ್ಲಿ."

"ಬಡವರು ಅಂದ್ರೆ ಗತಿಗೆಟ್ಟವರು ಅಂತಲ್ಲ ಕಣೇ. ನಿಮ್ಮ ಮುತ್ತಜ್ಜಿ ಯಾವ ವಿದ್ಯಾಲಯದ ಮುಂದೆ ಜಾಮು ಮಾರ್ತಿದ್ಲು ಗೊತ್ತಾ?"

ತ್ಯಾಸಳಿಗೆ ಗೊತ್ತಿತ್ತು, ಹುಟ್ಟಿದಾಗಿನಿಂದ ಕೇಳುತ್ತಲೇ ಬಂದಿದ್ದಳು. ದೇಶಕ್ಕೆ ಹೊಸದಾಗಿ ಸ್ವಾತಂತ್ರ್ಯ ಬಂದ ಕಾಲದಲ್ಲಿ ವಿದ್ಯಾಲಯಕ್ಕೆ ಕಟ್ಟಡವೇ ಇರಲಿಲ್ಲ, ಈ ಊರು ಜೋಗ್ಜಾದ ಸುಲ್ತಾನರು ತಮ್ಮ ಅರಮನೆಯ ಜಗುಲಿಯನ್ನೇ ಪಾಠಕ್ಕೆ ಬಿಟ್ಟುಕೊಟ್ಟರು. ಆ ಜಗುಲಿಯ ಹೊರಗೆ ವಾಗಿಯೆಮ್‌ಳ ಅಜ್ಜಿ ಅರಿಸಿನ ಹುಣಸೆ ಕುದಿಸಿದ ಜಾಮು ಎಂಬ ಕಷಾಯ ಮಾರುತ್ತಿದ್ದಳು. ಅದೇ ಬುಟ್ಟಿ, ಅದೇ ಬಾಟಲಿಗಳ ಕಸುಬು ಈಗ ವಾಗಿಯೆಮ್‌ಳ ಬೆನ್ನಿಗೆ ಬಂದಿತ್ತು. ಅಂಥ ವಿದ್ಯಾಲಯಕ್ಕೆ ಮೊಮ್ಮಗಳ ಮಗಳು ಪರೀಕ್ಷೆ ಗೆದ್ದು ಸೇರುವಾಗ ಹರಕು ಚಾಪೆಯ ಫೋಟೋ ಕಳಿಸುವುದೇ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವ ಜಾತಿ ನಮ್ಮದು, ಹೇಳಿದರೆ ಕೇಳುವವರಲ್ಲ.

ಪಕ್ಕದ ಮನೆಯ ಪಾರ್ಜಿಲಾಳ ಕೆಂಪು ಮಖಮಲ್ಲಿನ ಸೋಫಾ ಓಣಿಯಲ್ಲಿ ಮೆರವಣಿಗೆ ಬಂದಿತು. ಓಣಿಯ ಮುಖ್ಯಸ್ಥ ಪಾಕ್ ಙಾತಿಜೋನ ಆಳೆತ್ತರದ ಗಡಿಯಾರ ಬಂದಿತು. ಮೂಲೆಮನೆಯಿಂದ ಫ್ರಿಜ್ಜೂ ಬಂದಿತು, ಒಳಗೆ ಹೆಪ್ಪುಗಟ್ಟಿದ ಮೀನು ಸಮೇತ. ಸೈಕಲ್ ರಿಕ್ಷಾ ತುಳಿಯುವ ಗಂಡ ಸಾರಿದಿನ್ ಒಂದು ಕಡೆ ಹೆಗಲು ಕೊಟ್ಟ. ಹೆಂಡತಿಯ ಜೊತೆ ವಾದ ಮಾಡುವುದನ್ನು ಅವನು ಬಿಟ್ಟು ಬಹಳ ಕಾಲವಾಗಿತ್ತು. ತ್ಯಾಸ್ ಕೂಡ ಸೋತು ಫೋಟೋ ತೆಗೆದಳು. ಚೆನ್ನಾಗಿಯೇ ಬಂದಿದ್ದವು.

ಫಲ ಸಿಗಲು ತಡವಾಗಲಿಲ್ಲ. ತ್ಯಾಸಳಿಗೆ ಆರನೆಯ ಮೆಟ್ಟಿಲು, ಆರು ತಿಂಗಳಿಗೆ ಎಪ್ಪತ್ತು ಲಕ್ಷ. ಬುಟ್ಟಿ ಹೊತ್ತು ಊರೆಲ್ಲ ಸುತ್ತಿದರೂ, ರಿಕ್ಷಾ ಮಾರಿದರೂ ಹುಟ್ಟದ ಹಣ. ಗಡುವಿನೊಳಗೆ ಕಟ್ಟದಿದ್ದರೆ ಸೀಟು ಹೋಗುತ್ತದೆ. ಕೈಗೆ ಬಂದ ತುತ್ತನ್ನು ತಾನೇ ತಟ್ಟಿ ಬೀಳಿಸಿದ್ದೇನೆಂದು ವಾಗಿಯೆಮ್‌ಳಿಗೆ ಆಗ ಅರ್ಥವಾಯಿತು. ಮಗಳು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ. ಪೇಟೆಯ ಬಾಟಿಕ್ ಬಟ್ಟೆ ಅಂಗಡಿಯಲ್ಲಿ ಹುಡುಗಿಯರು ಬೇಕಂತೆ, ಅಲ್ಲಿ ಕೇಳುತ್ತೇನೆ ಎಂದಳು. ಆ ದಿನ ವಾಗಿಯೆಮ್ ಕುದಿಸಿದ ಜಾಮುವಿಗೆ ಬೆಲ್ಲ ಹಾಕುವುದನ್ನೇ ಮರೆತಳು, ಕುಡಿದವರೆಲ್ಲ ಮುಖ ಕಿವುಚಿದರು.

ಕೊನೆಗೆ ಮೇಲ್ಮನವಿ ಹಾಕಿದ್ದಾಯಿತು. ಒಬ್ಬರು ಬಂದು ಮನೆಯನ್ನು ಕಣ್ಣಾರೆ ನೋಡುತ್ತಾರೆ, ಅವರು ಬರೆದದ್ದೇ ಕೊನೆಯ ಮಾತು ಎಂದು ವಿಶ್ವವಿದ್ಯಾಲಯದವರು ತಿಳಿಸಿದರು. ಈ ಸಲ ಒಂದು ಕಡ್ಡಿಯನ್ನೂ ಅತ್ತಿತ್ತ ಮಾಡಬೇಡ ಎಂದು ತ್ಯಾಸ್ ತಾಯಿಯ ಕೈ ಹಿಡಿದು ಬೇಡಿಕೊಂಡಳು. ವಾಗಿಯೆಮ್ ಆಣೆ ಇಟ್ಟಳು. ಇಟ್ಟಾಗ ಮನಸ್ಸಿನಿಂದಲೇ ಇಟ್ಟಳು.

ಆದರೆ ಅವರು ಬರುವ ದಿನ ಬೆಳಗಾಗುತ್ತಲೇ ಕೈ ತುರಿಸತೊಡಗಿತು. ಬರುವವರು ಅತಿಥಿಗಳು. ಅತಿಥಿಯನ್ನು ಹರಕು ಚಾಪೆಯ ಮೇಲೆ ಕೂರಿಸಿ ಒಡಕು ಲೋಟದಲ್ಲಿ ಚಹಾ ಕೊಡುವುದನ್ನು ಅವಳ ತಾಯಿ ಕಲಿಸಿರಲಿಲ್ಲ. ಪಾರ್ಜಿಲಾಳ ಸೋಫಾ ಒಂದೇ ಒಂದು ಮತ್ತೆ ಬಂದರೆ ಸಾಕು ಅಂದುಕೊಂಡಳು. ಸೋಫಾ ಬಂದ ಮೇಲೆ ಹಿಂದಿನ ಗೋಡೆ ಬೋಳು ಬೋಳಾಗಿ ಕಂಡಿತು, ಗಡಿಯಾರ ಬಂದಿತು. ಆಮೇಲೆ ಮೂಲೆಮನೆಯವಳ ಚಿನ್ನದಂಚಿನ ಬಟ್ಟಲುಗಳೂ ಬಂದವು. ಗಂಡ ರಿಕ್ಷಾದೊಂದಿಗೆ ಹೋಗಿದ್ದ. ಕಾಗದಪತ್ರ ತರಲು ಹೋಗಿದ್ದ ತ್ಯಾಸ್ ಬಂದು ಬಾಗಿಲಲ್ಲೇ ಕಲ್ಲಾದಳು. ಅವಳ ಬೆನ್ನ ಹಿಂದೆಯೇ ಸ್ಕೂಟರು ಬಂದು ನಿಂತಿತು.

ಬಂದವಳ ಹೆಸರು ರಾತ್ರಿ, ಗೌರವಕ್ಕೆ ಬು ರಾತ್ರಿ, ಅಂದರೆ ರಾತ್ರಿಯಮ್ಮ; ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಚಿಕ್ಕ ವಯಸ್ಸಿನ ಹೆಂಗಸು. ಸೋಫಾದ ಮೇಲೆ ಕೂತು ಶುಂಠಿ ಚಹಾ ಗುಟುಕರಿಸಿ, ಮನೆಯವರ ಸಂಪಾದನೆಯಲ್ಲಿ ತಿಂಗಳು ಸಾಗುತ್ತದೆಯೇ ಎಂದು ಮೆತ್ತಗೆ ಕೇಳಿದಳು. ಸಾಕಾಗುತ್ತದೆ, ದೇವರ ದಯೆ ಎಂದಳು ವಾಗಿಯೆಮ್. ಜಾಮು ವ್ಯಾಪಾರ? ಅದೂ ಸಾಕಷ್ಟಿದೆ. ಮಳೆಗೆ ಮನೆ ಸೋರುತ್ತದೆಯೇ? ಏನೋ, ನಡೆಯುತ್ತದೆ. ಸಾವೇ ಬಂದರೂ ಪರರ ಮುಂದೆ ಇಲ್ಲ ಎನ್ನಬಾರದು ಎಂದು ಬೆಳೆದ ನಾಲಿಗೆ, ಬೇರೇನು ಹೇಳೀತು? ಬು ರಾತ್ರಿ ಒಂದೊಂದನ್ನೂ ಬರೆದುಕೊಂಡಳು. ತ್ಯಾಸ್ ಕಣ್ಣೊರೆಸಿಕೊಂಡು ಹಿತ್ತಲ ಬಾಗಿಲಿನಿಂದ ಹೊರಗೆ ಹೋದಳು.

ಸ್ವಲ್ಪ ಹೊತ್ತಿಗೆ ಮುಂಬಾಗಿಲಲ್ಲಿ ಪಾರ್ಜಿಲಾ ಇಬ್ಬರು ಗಟ್ಟಿಮುಟ್ಟಾದ ಗಂಡುಮಕ್ಕಳನ್ನು ಕಟ್ಟಿಕೊಂಡು ನಿಂತಿದ್ದಳು.

"ಕ್ಷಮಿಸಿ ಮೇಡಂ, ಸ್ವಲ್ಪ ಏಳ್ತೀರಾ? ನೀವು ಕೂತಿರೋದು ನಮ್ಮನೆ ಸೋಫಾ. ನಮ್ಮ ಬೀಗರು ಬರ್ತಿದಾರೆ."

ವಾಗಿಯೆಮ್‌ಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬು ರಾತ್ರಿ ಬಟ್ಟಲು ಹಿಡಿದು ಎದ್ದು ನಿಂತಳು, ಸೋಫಾ ಹೊರಟಿತು. ಅದು ಬಾಗಿಲು ದಾಟುವಷ್ಟರಲ್ಲಿ ಪಾಕ್ ಙಾತಿಜೋ ಬಂದು, ಸಮಯ ಗೊತ್ತಾಗದೆ ನಮಾಜಿಗೆ ತಡವಾಗುತ್ತಿದೆ ಎಂದು ಗಡಿಯಾರವನ್ನು ಅಪ್ಪಿ ಹಿಡಿದು ನಡೆದ. ಅವನ ಮಣಿಕಟ್ಟಿನಲ್ಲಿ ವಾಚು ಟಿಕಟಿಕ ಎನ್ನುತ್ತಿತ್ತು. ಮೂಲೆಮನೆಯವಳಂತೂ ಬಟ್ಟಲಿಗಾಗಿ ಅತಿಥಿಯ ಎದುರಿಗೇ ಕುಕ್ಕರಗಾಲಲ್ಲಿ ಕೂತು, ನಿಧಾನವಾಗಿ ಕುಡೀರಿ ಮೇಡಂ, ಅವಸರವಿಲ್ಲ, ನಾನು ಕಾಯ್ತೀನಿ ಎಂದಳು.

ಕೋಣೆ ಬರಿದಾಯಿತು. ಸೋಫಾ ಮುಚ್ಚಿದ್ದ ಕಡೆ ಗಾರೆ ಕಾಣದ ಇಟ್ಟಿಗೆ, ನೀರಿಳಿದ ಪಾಚಿ, ಬಿರುಕಿಗೆ ತುರುಕಿದ ಹಳೆ ಬಟ್ಟೆ ಕಂಡವು. ವಾಗಿಯೆಮ್ ತಲೆ ತಗ್ಗಿಸಿ ಮೂಲೆಯಿಂದ ತನ್ನ ಚಾಪೆ ತಂದು ಹಾಸಿದಳು. ಅದರ ಅಂಚಿಗೆ ಅಕ್ಕಿ ಚೀಲದ ತೇಪೆ ಇತ್ತು. ಬು ರಾತ್ರಿ ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ನಗಲಿಲ್ಲ. ಬರೆದ ಹಾಳೆಯನ್ನು ಹರಿದು ಚೀಲಕ್ಕೆ ತುರುಕಿ ಹೊಸದೊಂದನ್ನು ತೆಗೆದಳು.

"ಇನ್ನೊಂದು ಸಲ ಕೇಳ್ತೀನಿ. ಸಾಕಾಗುತ್ತಾ?"

ವಾಗಿಯೆಮ್ ಚಾಪೆಯ ತೇಪೆಯನ್ನು ಕೈಯಿಂದ ನೇರಮಾಡಿ ತಲೆ ಎತ್ತಿದಳು. ಹಿತ್ತಲ ಬಾಗಿಲಲ್ಲಿ ಮಗಳು ಬಂದು ನಿಂತದ್ದು ಕಂಡಿತು. ಗಂಟಲೊಳಗೆ ಸಿಕ್ಕಿಕೊಂಡ ಮೀನಿನ ಮುಳ್ಳನ್ನು ಎಳೆದಂತೆ ಆ ಮಾತನ್ನು ಹೊರಗೆ ತಂದಳು.

"ಸಾಕಾಗಲ್ಲ ಮೇಡಂ. ಯಾವತ್ತೂ ಸಾಕಾಗಿಲ್ಲ."

ಒಂದು ಮಾತು ಹೊರಬಂದ ಮೇಲೆ ಉಳಿದವೂ ಬಂದವು. ಸೋರುವ ಮಾಡು, ಗಂಡನ ಮೊಣಕಾಲು ನೋವು, ಜಾಮು ಬಿಟ್ಟು ಬಾಟಲಿ ಸೋಡಾ ಕುಡಿಯುವ ಈಗಿನ ಮಕ್ಕಳು, ಎಲ್ಲವನ್ನೂ ಹೇಳಿದಳು. ಅಜ್ಜಿಯ ಕಥೆಯನ್ನೂ ಹೇಳಿದಳು. ಬು ರಾತ್ರಿ ಬರೆಯುವುದನ್ನು ನಿಲ್ಲಿಸಿ ಅದನ್ನು ಕೇಳಿದಳು. ಹೋಗುವಾಗ ಒಂದು ಬಾಟಲಿ ಜಾಮು ಕೇಳಿ ಹಣ ಕೊಟ್ಟಳು. ಬೇಡವೆಂದರೂ ಬಿಡಲಿಲ್ಲ. ಲಂಚ ಅಂತಾರೆ ಅಮ್ಮ, ನನ್ನ ಕೆಲಸ ಹೋಗುತ್ತೆ ಎಂದು ಆಗ ಮಾತ್ರ ನಕ್ಕಳು.

ಅವಳು ಹೋದ ಮೇಲೆ ವಾಗಿಯೆಮ್ ನೇರ ಪಾರ್ಜಿಲಾಳ ಮನೆಗೆ ನುಗ್ಗಿದಳು, ಜಗಳಕ್ಕೇ ಹೋದಳು. ಬೀಗರು ಯಾರೂ ಇರಲಿಲ್ಲ. ಸೋಫಾದ ಮೇಲೆ ಪಾರ್ಜಿಲಾ ಒಬ್ಬಳೇ ಕಾಲು ಚಾಚಿ ಕೂತಿದ್ದಳು.

"ನಿನ್ ಮಗಳು ಹಿತ್ತಲಿಗೆ ಬಂದು ಅತ್ಲು ಕಣೇ ಯೆಮ್. ಕೊಡೋಕೆ ಮೊದ್ಲೇ ನಂಗೆ ಬುದ್ಧಿ ಇರ್ಬೇಕಿತ್ತು. ಕೊಟ್ಟಾದ ಮೇಲೆ ಕಿತ್ಕೊಳ್ದೇ ಇನ್ನೇನ್ ಮಾಡ್ಲಿ? ಬೈಯೋದಿದ್ರೆ ಬೈದುಬಿಡು, ಒಲೆ ಮೇಲೆ ಅನ್ನ ಇದೆ."

ಬೈಯಲು ಬಂದಿದ್ದವಳು ಅಲ್ಲೇ ಹೊಸ್ತಿಲ ಮೇಲೆ ಕೂತು, ಬಾಯಿಗೆ ಬಟ್ಟೆ ಒತ್ತಿಕೊಂಡು ಅತ್ತಳು. ಪಾರ್ಜಿಲಾ ಒಳಗೆ ಹೋಗಿ ಅನ್ನ ಇಳಿಸಿ ಬಂದು ಪಕ್ಕದಲ್ಲಿ ಕೂತಳು.

ಗಡುವಿಗೆ ಮುಂಚೆ ತೀರ್ಮಾನ ಬಂದಿತು, ತ್ಯಾಸಳಿಗೆ ಮೊದಲ ಮೆಟ್ಟಿಲು. ಅರಿಸಿನದ ವಾಸನೆಯ ಚಿಲ್ಲರೆ ನೋಟುಗಳನ್ನು ತಾಯಿ ಮಗಳು ಇಬ್ಬರೂ ಹೋಗಿ ಕಟ್ಟಿ ಬಂದರು. ಆ ಶುಕ್ರವಾರ ವಾಗಿಯೆಮ್ ಹಳದಿ ಅನ್ನವನ್ನು ಗೋಪುರವಾಗಿ ಕಟ್ಟಿ ಓಣಿಯವರನ್ನೆಲ್ಲ ಹರಕೆಯೂಟಕ್ಕೆ ಕರೆದಳು. ಪಾಕ್ ಙಾತಿಜೋ ಪ್ರಾರ್ಥನೆ ಹೇಳಿದ. ಜನ ತೇಪೆಯ ಚಾಪೆ ತುಂಬಿ ಮಣ್ಣುನೆಲದ ಮೇಲೂ ಕೂತರು, ಒಡಕು ಲೋಟಗಳಲ್ಲೇ ಚಹಾ ಕುಡಿದರು. ಅವರ ನಡುವೆ ಬಡಿಸುತ್ತ ಓಡಾಡುವಾಗ ವಾಗಿಯೆಮ್‌ಳಿಗೆ ಎದೆ ತುಂಬಿ ಬಂದಿತು. ಇಷ್ಟು ವರ್ಷ ಯಾರಿಂದ ತನ್ನ ಮನೆಯನ್ನು ಮುಚ್ಚಿಟ್ಟುಕೊಂಡಿದ್ದಳೋ ಅವರಿಗೆಲ್ಲ ಅದು ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಕೇಳಿದಾಗಲೆಲ್ಲ ಸೋಫಾ ಹೊತ್ತು ತಂದಿದ್ದರು.

"ಏನೇ, ಕೂರೋಕೆ ಏನೂ ಇಲ್ವಲ್ಲ," ಎಂದಳು ಪಾರ್ಜಿಲಾ, ಸೊಂಟ ಹಿಡಿದು ನೆಲಕ್ಕೆ ಇಳಿಯುತ್ತ. "ನಮ್ಮನೆಯಿಂದ ತರಿಸ್ಲಾ?"

ವಾಗಿಯೆಮ್ ಅವಳ ಎಲೆಗೆ ಕೋಳಿಯ ದೊಡ್ಡ ತುಂಡನ್ನೇ ಹಾಕಿದಳು.

"ಬೇಡ ಕಣೇ," ಎಂದಳು. "ಇವತ್ತು ಸಾಕಷ್ಟಿದೆ."