ಪಾರ್ಕಿಂಗ್ ಜಾಗದವರೆಗೆ

ಮೂವತ್ತೆರಡು ವರ್ಷ ಪ್ರವಾಸಿ ಬಸ್ಸು ಓಡಿಸಿ ನಿವೃತ್ತನಾದವನ ಮುಂದೆ ಹೆಂಡತಿ ಬಂದು ನಿಂತು, "ರೀ, ನಾವೂ ಒಂದು ಪ್ರವಾಸ ಹೋಗೋಣ" ಅಂದರೆ ಅವನಿಗೆ ಹೇಗಾಗಬೇಡ? ಮಿಠಾಯಿ ಮಾರುವವನಿಗೆ ಸಕ್ಕರೆ ತಿನ್ನಿಸಿದ ಹಾಗಾಗುತ್ತದೆ ಎಂದು ಕೇಳಿದವರೆಲ್ಲ ನಕ್ಕರು. ಸಾರಥಿಯೂ ಅವರ ಜೊತೆ ನಕ್ಕ. ನಿಜವಾದ ಕಾರಣ ಬೇರೆಯೇ ಇತ್ತು. ಅದನ್ನು ಅವನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಸಾರಥಿ ಎಂಬುದು ಡಿಪೋದವರು ಇಟ್ಟ ಅಡ್ಡಹೆಸರು. ಬರಬರುತ್ತ ಅದೇ ಗಟ್ಟಿಯಾಗಿ, ತಂದೆತಾಯಿ ಇಟ್ಟ ಹೆಸರು ಪಾಸ್‌ಪೋರ್ಟಿನಲ್ಲಿ ಮಾತ್ರ ಉಳಿದಿತ್ತು. ಹೆಂಡತಿ ಒಂದು ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಮೇಲ್ವಿಚಾರಕಿ. ದಿನಕ್ಕೆ ನಾನೂರು ಹಾಸಿಗೆ ಬಟ್ಟೆ ಅವಳ ಕಣ್ಣಳತೆಯಲ್ಲಿ ಮಡಿಕೆಯಾಗಿ ಮೇಲಿನ ಕೋಣೆಗಳಿಗೆ ಹೋಗಬೇಕು. ಸುಕ್ಕು ಕಂಡರೆ ಸಾಕು, ಬಟ್ಟೆಯದಾಗಲಿ ಮಾತಿನದಾಗಲಿ, ಅದನ್ನು ಬಿಡಿಸುವವರೆಗೆ ಅವಳಿಗೆ ಸಮಾಧಾನವಿಲ್ಲ. ಇಪ್ಪತ್ತೈದು ವರ್ಷದ ಸೇವೆ ಮೆಚ್ಚಿ ಹೋಟೆಲಿನವರು ಅವಳಿಗೆ ಇಬ್ಬರ ಪ್ರವಾಸವನ್ನು ಉಡುಗೊರೆಯಾಗಿ ಕೊಟ್ಟಿದ್ದರು. ಎಲ್ಲಿಗೆ ಬೇಕಾದರೂ ಹೋಗಬಹುದು, ಆದರೆ ತಿಂಗಳೊಳಗೆ ಬುಕಿಂಗ್ ಆಗಬೇಕು.

ಅವಳು ಹತ್ತು ಪುಸ್ತಿಕೆ ತಂದು ಅಡುಗೆಮನೆಯ ಮೇಜಿನ ಮೇಲೆ ಹರಡಿ, ಒಂಬತ್ತನ್ನು ಪಕ್ಕಕ್ಕೆ ತಳ್ಳಿದಳು.

"ಇದೇ ನೋಡಿ. ಐದು ದಿನ ಗೈಡ್ ಜೊತೆ ಬಸ್ಸಲ್ಲಿ, ಆಮೇಲೆ ಏಳು ದಿನ ಹಡಗಲ್ಲಿ. ಮೊದಲನೇ ದಿನ ದೊಡ್ಡ ಜಲಪಾತ. ಎರಡನೇ ದಿನ ಸುಣ್ಣಕಲ್ಲಿನ ಗುಹೆ. ಮೂರನೇ ದಿನ ಹಳೇ ಅರಮನೆ. ಎಲ್ಲಾ ನೀವು ಹೇಳಿರೋ ಜಾಗಗಳೇ ಕಣ್ರೀ!"

ಸಾರಥಿ ಟೀ ಲೋಟ ಕೆಳಗಿಟ್ಟು, ಪಕ್ಕಕ್ಕೆ ತಳ್ಳಿದ್ದ ಪುಸ್ತಿಕೆಗಳಲ್ಲಿ ಹಡಗಿನದೊಂದನ್ನು ಎತ್ತಿಕೊಂಡ.

"ಬಸ್ಸು ಯಾಕೆ? ಸುಮ್ನೆ ಹಡಗಲ್ಲೇ ಹೋಗೋಣ ಬಿಡು. ಹನ್ನೆರಡು ದಿನಾನೂ ನೀರ ಮೇಲೆ ಆರಾಮಾಗಿರಬಹುದು."

"ಬರೀ ನೀರು ನೋಡ್ಕೊಂಡು ಏನ್ರೀ ಮಾಡೋದು? ಲಾಂಡ್ರೀಲಿ ನಾನು ನೀರು ನೋಡಿಲ್ವಾ?"

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆ ಆ ಮನೆಯಲ್ಲಿ ಒಂದು ವಾರ ಅಕ್ಷರಶಃ ನಡೆಯಿತು.

ಟ್ರಾವೆಲ್ ಏಜೆನ್ಸಿ ಇದ್ದದ್ದು ಬೀಗ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಕಿಟಕಿಯಲ್ಲಿ ಒಂದು ಆಟಿಕೆ ಹಡಗು, ಗೋಡೆಯ ತುಂಬ ಬಿಸಿಲಿಗೆ ಮಾಸಿದ ಸಮುದ್ರದ ಚಿತ್ರಗಳು. ಏಜೆಂಟ್ ಐವತ್ತು ದಾಟಿದ ಹೆಂಗಸು. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಮೇಜಿನ ಮೇಲೆಲ್ಲ ಹುಡುಕುವುದು ಅವಳ ಅಭ್ಯಾಸ. ಗಿರಾಕಿಗಳನ್ನು ಕಂಡರೆ ಅವಳಿಗೆ ಪ್ರೀತಿ, ತಾಳ್ಮೆಯೂ ಇತ್ತು. ಆದರೆ ಸಾರಥಿ ಆ ತಾಳ್ಮೆಯ ತಳ ಮುಟ್ಟಿ ನೋಡಿದ.

ಮೊದಲ ಸಲ ಹೋದಾಗ ತನಗೆ ಮಂಡಿನೋವು, ಗುಹೆಯ ಮೆಟ್ಟಿಲು ಹತ್ತಿಳಿಯಲು ಆಗದು ಎಂದ. ಮೆಟ್ಟಿಲೇ ಇಲ್ಲ, ಗುಹೆಯೊಳಗೆ ಪುಟ್ಟ ರೈಲು ಹೋಗುತ್ತದೆ ಎಂದಳು ಏಜೆಂಟ್. ಎರಡನೇ ಸಲ ಗೈಡುಗಳು ಮೈಕಿನಲ್ಲಿ ಒದರುತ್ತಾರೆ, ತಲೆ ಸಿಡಿಯುತ್ತದೆ ಎಂದ. ಈಗ ಎಲ್ಲರ ಕಿವಿಗೂ ಒಂದೊಂದು ಪುಟ್ಟ ಯಂತ್ರ ಕೊಡುತ್ತಾರೆ, ಬೇಡದಿದ್ದರೆ ಆರಿಸಿಬಿಡಬಹುದು ಎಂದಳು. ಮೂರನೇ ಸಲ ಏನೂ ತೋಚದೆ, ತನಗೆ ಅರಮನೆಯ ಧೂಳು ಆಗುವುದಿಲ್ಲ ಎಂದ.

"ಅರಮನೇಲಿ ಧೂಳು ಎಲ್ಲಿರುತ್ತೆ ಸ್ವಾಮಿ?" ಎಂದಳು ಏಜೆಂಟ್, ಕೂದಲೊಳಗಿಂದ ಕನ್ನಡಕ ಇಳಿಸುತ್ತ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಹೆಂಡತಿ ಪಕ್ಕದಿಂದ ಹೇಳಿದಳು. ಮೆಲ್ಲಗೇ ಹೇಳಿದಳು. ಆದರೆ ಲಾಂಡ್ರಿಯ ಯಂತ್ರಗಳ ನಡುವೆ ಮಾತಾಡಿ ರೂಢಿಯಾದವರ ಮೆಲುದನಿ ಕೆಳಗಿನ ಬೀಗದ ಅಂಗಡಿಗೂ ಕೇಳುತ್ತದೆ.

ಆ ದಿನವೇ ಅವನ ಕೈಗೆ, ಯಾವ ದಿನ ಎಲ್ಲಿಗೆ ಎಂದು ಬರೆದ ಪ್ರವಾಸದ ದಿನವಹಿ ಹಾಳೆ ಬಂತು. ಹೊತ್ತು ಕಳೆಯಲೆಂದು ಓದತೊಡಗಿದವನ ಬೆರಳು ಐದನೇ ದಿನದ ಸಾಲಿನ ಮೇಲೆ ನಿಂತಿತು. ಬೆಳಿಗ್ಗೆ ಹತ್ತಕ್ಕೆ ಬೆಟ್ಟದ ಊರಿನಿಂದ ಹೊರಟು ಮಧ್ಯಾಹ್ನ ಎರಡಕ್ಕೆ ಬಂದರು ಸೇರುವುದು. ನಾಲ್ಕಕ್ಕೆ ಹಡಗಿನ ಬಾಗಿಲು ಮುಚ್ಚುತ್ತದೆ.

"ಇದು ಆಗೋದಿಲ್ಲ" ಎಂದ.

"ಶುರುವಾಯ್ತು" ಎಂದಳು ಹೆಂಡತಿ.

"ಅಲ್ಲ ಕಣೇ, ಇದು ನಿಜವಾಗ್ಲೂ ಆಗೋದಿಲ್ಲ. ಆ ದಾರೀಲಿ ನಾಲ್ಕು ಗಂಟೆ ಕಾರಿಗೆ. ದೊಡ್ಡ ಬಸ್ಸಿಗೆ ಐದು. ಮಧ್ಯದಲ್ಲಿ ಒಂದು ಸುರಂಗ ಇದೆ, ಅಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆಯ್ತೋ, ಹಡಗು ಕಾಯೋದಿಲ್ಲ. ಅದು ಯಾರಪ್ಪನ ಮನೆ ಬಸ್ಸೂ ಅಲ್ಲ."

"ಎರಡು ಗಂಟೆ ಬಿಡುವು ಇಟ್ಟಿದ್ದಾರಲ್ಲ ಸ್ವಾಮಿ" ಎಂದಳು ಏಜೆಂಟ್. ಅವಳ ದನಿಯಲ್ಲಿ ಮಂಡಿನೋವು, ಮೈಕು, ಧೂಳು ಮೂರೂ ಇದ್ದವು. ತೋಳ ಬಂತು ತೋಳ ಎಂದು ಮೂರು ಸಲ ಕೂಗಿದವನ ಮಾತನ್ನು ನಾಲ್ಕನೇ ಸಲ ಯಾರು ನಂಬುತ್ತಾರೆ? ಶುಕ್ರವಾರದೊಳಗೆ ಹೌದೋ ಅಲ್ಲವೋ ತಿಳಿಸಿ ಎಂದು ಅವಳು ಹಾಳೆಯನ್ನು ಮಡಚಿ ಕೊಟ್ಟಳು.

ಮನೆಗೆ ಬಂದವನೇ ಸಾರಥಿ ಹಳೆಯ ಜೊತೆಗಾರನಿಗೆ ಫೋನ್ ಮಾಡಿದ. ಬೆಟ್ಟದ ದಾರಿಗಳಲ್ಲೇ ಬದುಕು ಸವೆಸಿದ ಆ ಡ್ರೈವರನ್ನು ಎಲ್ಲರೂ ಕರೆಯುತ್ತಿದ್ದುದು ಘಾಟಿ ಎಂದು. ದಾರಿಯಿಂದ ಬಂದ ಹೆಸರೋ ಸ್ವಭಾವದಿಂದ ಬಂದದ್ದೋ ಹೇಳುವುದು ಕಷ್ಟ.

"ಆ ಸುರಂಗಾನಾ?" ಎಂದು ಘಾಟಿ ಆ ಕಡೆಯಿಂದ ನಕ್ಕ. "ಎರಡು ವಾರದಿಂದ ರಿಪೇರಿ ನಡೀತಿದೆ ಮಾರಾಯ. ಒಂದೇ ಸಾಲು ಬಿಡ್ತಾರೆ. ನಿನ್ನೆ ಒಂದೂವರೆ ಗಂಟೆ ನಿಂತಿದ್ದೆ. ಕೆಲವು ದಿನ ಹೇಳದೆ ಕೇಳದೆ ಮಧ್ಯಾಹ್ನ ಎರಡರವರೆಗೆ ಪೂರ್ತಿ ಮುಚ್ಚಿಬಿಡ್ತಾರೆ. ಇನ್ನೂ ಮೂರು ತಿಂಗಳು ಇದೇ ಗೋಳು."

ಪ್ರವಾಸ ಇದ್ದದ್ದು ಮುಂದಿನ ತಿಂಗಳು. ಐದು ಗಂಟೆ, ಅದರ ಮೇಲೆ ಒಂದೂವರೆ. ಬಂದರು ತಲುಪುವಾಗ ನಾಲ್ಕೂವರೆ. ಸಾರಥಿ ಓಡುತ್ತ ಅಡುಗೆಮನೆಗೆ ಬಂದು ಹೆಂಡತಿಗೆ ಎಲ್ಲ ಒದರಿದ. ಅವಳು ಆಲೂಗಡ್ಡೆ ಸುಲಿಯುತ್ತಿದ್ದವಳು ಚಾಕು ಕೆಳಗಿಟ್ಟಳು.

"ಸುರಂಗ ಆಮೇಲೆ. ಮೊದಲು ಇದು ಹೇಳಿ. ನಿಮಗೆ ಮಂಡಿನೋವು ಯಾವಾಗಿಂದ?"

ಅವನು ಮೇಜಿನ ಮೇಲಿನ ಸಿಪ್ಪೆಗಳನ್ನು ಒಂದೆಡೆ ಗುಡ್ಡೆ ಮಾಡತೊಡಗಿದ.

"ನನ್ನ ಜೊತೆ ಬರೋಕೆ ಇಷ್ಟ ಇಲ್ಲ ಅಂದ್ರೆ ಹೇಳಿಬಿಡಿ. ನಾನು ಲಾಂಡ್ರಿಯ ಯಾರನ್ನಾದ್ರೂ ಕರ್ಕೊಂಡು ಹೋಗ್ತೀನಿ."

ಅವಳ ಕಣ್ಣಂಚು ಕೆಂಪಾಗಿದ್ದನ್ನು ಅವನು ಕಂಡ. ಅವಳು ಅಳುವುದು ಅಪರೂಪ. ಇಷ್ಟು ದಿನ ಅವಳು ಅರ್ಥ ಮಾಡಿಕೊಂಡದ್ದು ಹೀಗೆ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ. ಕುರ್ಚಿ ಎಳೆದುಕೊಂಡು ಎದುರಿಗೆ ಕೂತ.

"ಜಲಪಾತ ಹೇಗಿದೆ ಅಂತ ನನಗೆ ಗೊತ್ತಿಲ್ಲ ಕಣೇ."

"ಏನು?"

"ಶಬ್ದ ಗೊತ್ತು. ಪಾರ್ಕಿಂಗ್ ಜಾಗಕ್ಕೆ ಶಬ್ದ ಚೆನ್ನಾಗಿ ಕೇಳುತ್ತೆ. ನೋಡಿಲ್ಲ. ಗುಹೇನೂ ನೋಡಿಲ್ಲ, ಅರಮನೇನೂ ನೋಡಿಲ್ಲ. ಗುಹೆ ಒಳಗೆ ರೈಲಿದೆ ಅನ್ನೋದು ನನಗೆ ಆ ಏಜೆಂಟಮ್ಮ ಹೇಳಿದ ಮೇಲೇ ಗೊತ್ತಾಗಿದ್ದು."

ಹೆಂಡತಿ ಆಲೂಗಡ್ಡೆಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. ಅವನು ಮುಂದುವರಿಸಿದ.

"ನಲವತ್ತು ಜನರ ಸಾಮಾನು ಬಸ್ಸಲ್ಲಿರುತ್ತೆ. ಬಿಟ್ಟು ಹೋಗೋ ಹಾಗಿಲ್ಲ. ಅವರೆಲ್ಲ ಇಳಿದು ಹೋಗ್ತಾರೆ, ನಾನು ಗಾಜು ಒರೆಸ್ತೀನಿ, ಟಯರ್ ನೋಡ್ತೀನಿ, ಸೀಟು ಹಿಂದಕ್ಕೆ ಮಾಡಿ ಮಲಗ್ತೀನಿ. ಅಷ್ಟೇ."

"ಮೂವತ್ತೆರಡು ವರ್ಷದಲ್ಲಿ ಒಂದ್ಸಲಾನೂ?"

"ಮೊದಮೊದಲು ಆಸೆ ಇತ್ತು. ಆಮೇಲೆ ನಿದ್ದೆನೇ ಹೆಚ್ಚು ರುಚಿ ಅನಿಸ್ತು."

"ಮತ್ತೆ ನೀರಿನ ಹುಡಿ ಮುಖಕ್ಕೆ ಹೊಡೆಯುತ್ತೆ ಅಂದ್ರಿ? ಬೆಳಿಗ್ಗೆ ಹನ್ನೊಂದಕ್ಕೆ ಕಾಮನಬಿಲ್ಲು ಏಳುತ್ತೆ ಅಂದ್ರಿ? ಗುಹೇಲಿ ಬಾವಲಿಗಳು ಮಡಚಿದ ಕೊಡೆ ಹಾಗೆ ಸಾಲಾಗಿ ತೂಗಾಡ್ತವೆ ಅಂದ್ರಿ?"

"ವಾಪಸ್ ಬರುವಾಗ ಜನ ಮಾತಾಡ್ಕೊಳ್ತಾರಲ್ಲ, ಅದನ್ನ ಕೇಳಿಸ್ಕೊಂಡು ಒಂಚೂರು ಒಗ್ಗರಣೆ ಹಾಕ್ತಿದ್ದೆ. ಮೊದಲನೇ ಸಲ ಮನೆಗೆ ಬಂದಾಗ ನೀನು ಬಾಗಿಲಲ್ಲೇ ನಿಂತು ಎಷ್ಟು ಆಸೆಯಿಂದ ಕೇಳಿದೆ, ಹೇಗಿತ್ತು ಹೇಗಿತ್ತು ಅಂತ. ಪಾರ್ಕಿಂಗಲ್ಲಿ ಎಷ್ಟು ಬಸ್ಸು ನಿಲ್ಲುತ್ತೆ ಅಂತ ಹೇಳ್ಬೇಕಿತ್ತಾ?"

ಅವಳು ನಗುತ್ತಾಳೆ ಎಂದುಕೊಂಡ. ನಗಲಿಲ್ಲ. "ಲಾಂಡ್ರೀಲಿ ಹನ್ನೆರಡು ಜನಕ್ಕೆ ಹೇಳಿದ್ದೀನಿ ನಾನು. ಅವರಲ್ಲಿ ಇಬ್ಬರು ಹೋಗಿ ಬಂದು, ಕಾಮನಬಿಲ್ಲು ಕಾಣಲಿಲ್ವಲ್ಲ ಅಕ್ಕ ಅಂದ್ರು. ನೀವು ಹೊತ್ತು ತಪ್ಪಿ ಹೋಗಿರಬೇಕು ಅಂತ ನಾನೇ ಅವರಿಗೆ ಬೈದು ಕಳಿಸಿದೆ!" ಎಂದು ಎದ್ದು ಹೋದಳು.

ಕೆಲಸದ ಜಾಗ ಬಿಟ್ಟು ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಮುಟ್ಟುವುದಿಲ್ಲ ಎಂದು ಶಪಥ ಮಾಡಿದ್ದವಳು ಆ ಸಂಜೆ ಅದನ್ನು ಹೊರತೆಗೆದಳು. ಅವನ ಅಂಗಿಗಳಾದವು, ಕರವಸ್ತ್ರಗಳಾದವು, ಕಿಟಕಿಯ ಪರದೆಗಳೂ ಕೆಳಗಿಳಿದು ಬಂದವು. ಸಾರಥಿ ಅರ್ಧ ಸುಲಿದ ಆಲೂಗಡ್ಡೆಗಳನ್ನು ತಾನೇ ಸುಲಿದು, ಬೇಯಿಸಿ, ಉಪ್ಪು ಹಾಕುವುದನ್ನು ಮರೆತು ತಟ್ಟೆಗೆ ಬಡಿಸಿದ. ಅವಳು ಉಪ್ಪನ್ನೂ ಕೇಳದೆ ತಿಂದಳು. ಕೊನೆಯ ತುತ್ತಿಗೆ ಮುಂಚೆ ಒಂದೇ ಒಂದು ಮಾತು ಕೇಳಿದಳು.

"ಆ ಸುರಂಗದ ವಿಷಯ? ಅದೂ ಬುರುಡೆನಾ?"

"ಅದು ನಿಜ ಕಣೇ. ಬೇಕಾದ್ರೆ ಘಾಟಿಯನ್ನೇ ಕೇಳು."

ಅವಳು ಕೇಳಿಯೇಬಿಟ್ಟಳು. ಘಾಟಿಯ ಜೊತೆ ಅರ್ಧ ಗಂಟೆ ಮಾತಾಡಿ, ಯಾವ ದಿನ ಎಷ್ಟು ಹೊತ್ತು ದಾರಿ ಮುಚ್ಚಿತ್ತು ಎಂದು ಹಳೆಯ ಲಕೋಟೆಯೊಂದರ ಹಿಂದೆ ಬರೆದುಕೊಂಡಳು.

ಮಾರನೆಯ ಬೆಳಿಗ್ಗೆ ಏಜೆನ್ಸಿಯ ಬಾಗಿಲು ತೆರೆಯುವ ಮುಂಚೆಯೇ ಗಂಡ ಹೆಂಡತಿ ಮೆಟ್ಟಿಲ ಮೇಲೆ ನಿಂತಿದ್ದರು. ಇವರನ್ನು ಕಂಡು ಏಜೆಂಟ್ ಒಂದು ನಿಟ್ಟುಸಿರು ಬಿಟ್ಟೇ ಬೀಗ ತೆಗೆದಳು. ಹೆಂಡತಿ ಲಕೋಟೆಯನ್ನು ಮೇಜಿನ ಮೇಲೆ ಇಟ್ಟು ಹೇಳಿದಳು:

"ನೋಡಿ ಮೇಡಂ, ನಮ್ಮ ಯಜಮಾನರು ಮೂವತ್ತೆರಡು ವರ್ಷದಲ್ಲಿ ಏನೂ ನೋಡಿಲ್ಲ. ಜಲಪಾತ ನೋಡಿಲ್ಲ, ಅರಮನೆ ನೋಡಿಲ್ಲ, ಮಂಡಿನೋವೂ ಇಲ್ಲ. ಅವರು ನೋಡಿರೋದು ಒಂದೇ, ರಸ್ತೆ. ಅದರ ವಿಷಯದಲ್ಲಿ ಮಾತ್ರ ಅವರ ಮಾತು ನಂಬಬಹುದು. ಈಗ ಫೋನ್ ಮಾಡಿ."

ಸಾರಥಿಗೆ ಕಿವಿಯವರೆಗೂ ಬಿಸಿಯಾಯಿತು. ಒಳಗೊಳಗೇ ಒಂಥರಾ ಹಿಗ್ಗೂ ಆಯಿತು. ಇಷ್ಟು ವರ್ಷದಲ್ಲಿ ಅವನ ಕೆಲಸವನ್ನು ಯಾರೂ ಹೀಗೆ ಹೊಗಳಿರಲಿಲ್ಲ, ಹೀಗೆ ಬೈದಿರಲೂ ಇಲ್ಲ.

ಏಜೆಂಟ್ ಪ್ರವಾಸ ಕಂಪನಿಗೆ ಫೋನ್ ಹಚ್ಚಿದಳು. ಆ ಕಡೆಯವನು ಮೊದಲು ಎಲ್ಲ ಸರಿಯಿದೆ ಎಂದ, ಆಮೇಲೆ ಹಾಳೆ ಹೋದ ವರ್ಷ ಅಚ್ಚಾದದ್ದು ಎಂದ, ಆಮೇಲೆ ಬೇಕಾದರೆ ಬೆಳಿಗ್ಗೆ ಆರಕ್ಕೇ ಹೊರಡಿಸೋಣ ಎಂದ. ಸಾರಥಿಗೆ ತಡೆಯಲಾಗಲಿಲ್ಲ. ಫೋನನ್ನು ತನ್ನ ಕಡೆ ಎಳೆದುಕೊಂಡ.

"ಆರಕ್ಕೆ ಹೊರಟು ಸುರಂಗದ ಬಾಯಲ್ಲಿ ಮಧ್ಯಾಹ್ನ ಎರಡರವರೆಗೆ ಕೂತರೆ ಏನು ಮಾಡ್ತೀರಿ ಸಾರ್? ಉಲ್ಟಾ ಮಾಡಿ. ಮೊದಲು ಹಡಗು, ಆಮೇಲೆ ಬಸ್ಸು. ಹಡಗಿಳಿದು ಬಂದವರಿಗೆ ಬಸ್ಸು ಕಾಯುತ್ತೆ. ಬಸ್ಸಿಳಿದು ಬರೋವ್ರಿಗೆ ಹಡಗು ಕಾಯೋದಿಲ್ಲ. ಸುರಂಗದಲ್ಲಿ ತಡವಾದ್ರೆ ಊಟ ತಡವಾಗುತ್ತೆ, ಅಷ್ಟೇ."

ಆ ಕಡೆ ಹಾಳೆ ಮಗುಚುವ ಸದ್ದಾಯಿತು. "ನೀವು ಯಾರು ಮಾತಾಡ್ತಿರೋದು?" ಎಂದು ಕೇಳಿತು ದನಿ.

"ಪ್ರಯಾಣಿಕ" ಎಂದ ಸಾರಥಿ. ಆ ಪದ ಅವನ ಬಾಯಲ್ಲಿ ಹೊಸದಾಗಿ ಕಟ್ಟಿಸಿದ ಹಲ್ಲಿನಂತೆ ಆಡಿತು.

ಗುರುವಾರ ಹೊಸ ಹಾಳೆ ಬಂತು. ಏಳು ದಿನ ಹಡಗು ಮೊದಲು, ಆಮೇಲೆ ಐದು ದಿನ ಬಸ್ಸು. ಆಗಲೇ ಬುಕ್ ಮಾಡಿದ್ದ ಮೂವತ್ತಾರು ಜನಕ್ಕೂ ಕಂಪನಿ ಬದಲಾವಣೆಯ ಕಾಗದ ಕಳಿಸಿತಂತೆ. ಏಜೆಂಟ್ ಇದನ್ನು ಹೇಳಿ, ಡ್ರಾಯರಿನಿಂದ ಬಿಸ್ಕತ್ತಿನ ಡಬ್ಬಿ ತೆಗೆದು ಸಾರಥಿಯ ಮುಂದೆ ಮೊದಲು ಹಿಡಿದಳು.

ಮುಂದಿನದೆಲ್ಲ ಹೂ ಎತ್ತಿದಷ್ಟು ಸಲೀಸಾಗಿ ನಡೆಯಿತು. ಹಡಗಿನಲ್ಲಿ ಕಿಟಕಿ ಇರುವ ಕೋಣೆಯೋ ಇಲ್ಲದ್ದೋ ಎಂದಾಗ ಇಬ್ಬರೂ ಒಟ್ಟಿಗೆ "ಇರೋದು" ಎಂದರು. ರಾತ್ರಿ ಊಟ ಮೊದಲ ಪಂಕ್ತಿಗೋ ಎರಡನೆಯದಕ್ಕೋ ಎಂದಾಗ ಹೆಂಡತಿ "ಮೊದಲನೇದು, ಇವರಿಗೆ ಹಸಿವು ತಡೆಯಲ್ಲ" ಎಂದಳು. ಹೆಸರುಗಳನ್ನು ಪಾಸ್‌ಪೋರ್ಟಿನಲ್ಲಿದ್ದಂತೆ ತುಂಬುವಾಗ ಸಾರಥಿ ತನ್ನದನ್ನು ಎರಡು ಸಲ ಓದಿ, "ಹೌದು, ನಾನೇ" ಎಂದ. ಬಸ್ಸಿನ ಸೀಟು ಬಂದಾಗ ಏಜೆಂಟ್ ಉದಾರವಾಗಿ ಕೇಳಿದಳು:

"ಮುಂದಿನ ಸಾಲು ಕೊಡಲಾ ಸ್ವಾಮಿ? ರಸ್ತೆ ಚೆನ್ನಾಗಿ ಕಾಣುತ್ತೆ."

"ಬೇಡವೇ ಬೇಡ" ಎಂದಳು ಹೆಂಡತಿ. "ಇವರನ್ನ ಮುಂದೆ ಕೂರಿಸಿದ್ರೆ ಆ ಡ್ರೈವರ್ ಪಾಪ ಎರಡನೇ ದಿನಕ್ಕೇ ಕೆಲಸ ಬಿಟ್ಟು ಓಡಿಹೋಗ್ತಾನೆ. ಹಿಂದೆ ಕೊಡಿ. ಕಿಟಕಿ ಪಕ್ಕ ಇವರಿಗೆ."

ಅವಳು ಹೀಗೆ ನಗೆಯಾಡಿದ್ದು ಆಲೂಗಡ್ಡೆಯ ಆ ಸಂಜೆಯ ನಂತರ ಅದೇ ಮೊದಲು. ಮೆಟ್ಟಿಲಿಳಿಯುವಾಗ ಸಾರಥಿ ಧೈರ್ಯ ಮಾಡಿ ಕೇಳಿದ, "ಕೋಪ ಹೋಯ್ತಾ?"

"ಎಲ್ಲಿ ಹೋಗುತ್ತೆ? ಜಲಪಾತದ ಹತ್ತಿರ ಹೋದ್ಮೇಲೆ ನೋಡೋಣ. ಅಲ್ಲಿ ಕಾಮನಬಿಲ್ಲು ಕಂಡ್ರೆ ಅರ್ಧ ಮಾಫಿ." ಎರಡು ಮೆಟ್ಟಿಲು ಇಳಿದು ಮತ್ತೆ ನಿಂತಳು. "ಕಾಣದಿದ್ರೂ ಪರವಾಗಿಲ್ಲ. ಇಬ್ಬರೂ ಮೊದಲನೇ ಸಲ ನೋಡ್ತೀವಲ್ಲ. ನೀವು ನೋಡಿದ್ದನ್ನೇ ತೋರಿಸ್ತೀರಿ, ನಾನು ಹಿಂದೆ ಹಿಂದೆ ಬರಬೇಕು ಅಂದ್ಕೊಂಡಿದ್ದೆ."

ಅವಳು ಮನೆಯ ಕಡೆ ತಿರುಗದೆ ಎದುರಿನ ಚಪ್ಪಲಿ ಅಂಗಡಿಗೆ ನಡೆದಳು. ನಡೆಯಲು ತಕ್ಕ ಷೂ ತನ್ನಿ ಎಂದು ಹಾಳೆಯ ಕೊನೆಯಲ್ಲಿ ಬರೆದಿತ್ತು. ಸಾರಥಿಯ ಹತ್ತಿರ ಇದ್ದದ್ದು ಪೆಡಲ್ ಒತ್ತಲು ಹಗುರವಾದ ತೆಳು ಚಪ್ಪಲಿಗಳು ಮಾತ್ರ. ಅಂಗಡಿಯವನು ಅವನ ಪಾದ ಅಳೆದು, ಬಲಗಾಲು ಎಡಗಾಲಿಗಿಂತ ಅಗಲವಾಗಿದೆಯಲ್ಲ ಎಂದು ಆಶ್ಚರ್ಯಪಟ್ಟ. ನಾಲ್ಕು ಜೊತೆ ಹಾಕಿ ತೆಗೆದು ಕೊನೆಗೆ ಬೂದು ಬಣ್ಣದ್ದು ಒಂದು ಒಪ್ಪಿಗೆಯಾಯಿತು.

ಮನೆಗೆ ಬಂದು ಷೂ ಹಾಕಿಕೊಂಡೇ ಅವನು ನಡುಮನೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಮತ್ತೆ ನಡುಮನೆಗೆ ನಡೆದ. ಗಟ್ಟಿ ಅಡಿ ಹೊಸ ಸದ್ದು ಮಾಡುತ್ತಿತ್ತು. ಆರನೇ ಸುತ್ತಿಗೆ ಒಳಗಿಂದ ಕೂಗು ಬಂತು.

"ರೀ! ಈಗ ತಾನೇ ನೆಲ ಒರೆಸಿದ್ದೀನಿ!"

"ಅಭ್ಯಾಸ ಮಾಡ್ತಿದ್ದೀನಿ ಕಣೇ" ಎಂದು ಸಾರಥಿ ಬಾಗಿಲು ತೆರೆದು ಬೀದಿಗಿಳಿದ. ತಿರುವಿನವರೆಗೆ ಹೋಗಿ ಬರುತ್ತೇನೆ ಅಂದುಕೊಂಡವನು ತಿರುವು ದಾಟಿ ಇನ್ನೂ ಮುಂದೆ ಹೋದ.