ತಿಂಗಳಿಗೆ ಮೂವತ್ತು ದಿನ ಮೀನೂಟ

ಬ್ಯಾಂಕ್ ಮ್ಯಾನೇಜರರ ತೋರುಬೆರಳು ನನ್ನ ವರದಿಯ ನಾಲ್ಕನೇ ಪುಟದ ನಡುವೆ ನಿಂತಿದೆ, ಉಗುರಿನ ತುದಿಗೆ ಸ್ಟ್ಯಾಂಪ್ ಪ್ಯಾಡಿನ ನೇರಳೆ ಬಣ್ಣ, ಅದರ ಕೆಳಗೇ ನೂರಿಪ್ಪತ್ತು, ದಿನಕ್ಕೆ ನೂರಿಪ್ಪತ್ತು ಮೀನೂಟ, ತಿಂಗಳಿಗೆ ಮೂವತ್ತು ದಿನ, ನಾನೇ ಟೈಪ್ ಮಾಡಿದ್ದು — ಬೆರಳು ಯಾಕೆ ಸರಿಯುತ್ತಿಲ್ಲ, ಬ್ಯಾಂಕಿನವರು ಕೊನೇ ಪುಟ ಬಿಟ್ಟು ಬೇರೇನೂ ನೋಡುವುದಿಲ್ಲ ಎಂದು ನಮ್ಮ ಲೆಕ್ಕದ ಆಫೀಸಿನ ಪ್ರದೀಪ ಸರ್ ಆರು ವರ್ಷದಿಂದ ಹೇಳುತ್ತ ಬಂದಿದ್ದಾರೆ, ನೀ ಲಾಭ ಬರೂ ಹಾಂಗೆ ಹಾಕು ನಿಶಾ, ಉಳ್ದದ್ದು ತನ್ನಷ್ಟಕ್ಕೇ ಕೂಡ್ಕಂತದೆ. ಕೂಡಿಕೊಂಡಿತು, ಮುಂದಿನ ಐದೂ ವರ್ಷ ಕಾಗದದ ಮೇಲೆ ಲಾಭವೇ ಬಂತು. ಪಕ್ಕದ ಕುರ್ಚಿಯಲ್ಲಿ ಭರತ ದಾದಾ, ನನ್ನ ಅಣ್ಣ, ಇಸ್ತ್ರಿ ಅಂಗಿ ಹಾಕಿ ಹೆಣ್ಣು ನೋಡಲು ಬಂದವನಂತೆ ಕೂತಿದ್ದಾನೆ, ಶಿರವಾಡದಲ್ಲಿ ಅವನು ತೆರೆಯಲಿರುವ ಖಾನಾವಳಿಗೆ ಇವತ್ತು ಸಾಲ ಮಂಜೂರಾಗಬೇಕು, ಕೈಗಾ ಅಣುಸ್ಥಾವರದ ಗುತ್ತಿಗೆ ಕೆಲಸ ಬಿಟ್ಟಾಗಿದೆ, ನನ್ನ ವರದಿ ಕೈಗೆ ಬಂದ ಮರುದಿನವೇ. ಬೆಳಿಗ್ಗೆ ಅವನ ಹೆಂಡತಿ ಹೀರಾ ವೈನಿ ನನ್ನ ಡಬ್ಬಿ ಕಟ್ಟುತ್ತ, ಇವತ್ತು ಬರೀ ಬೇಳೆಯ ವರಣ-ಭಾತ ಹೌದೆ ಮಾರಾಯ್ತಿ, ಸೋಮವಾರ ಅಲ್ಲವಾ, ಮೀನು ಎಂತ ಕೇಳ್ತೆ — ಆಗಲೇ ಹೊಳೆದದ್ದು, ಒಂದು ಚಪ್ಪಲಿ ಹಾಕಿ ಇನ್ನೊಂದು ಕೈಯಲ್ಲಿ ಹಿಡಿದು ನಿಂತೆ. ಸೋಮವಾರ. ಬುದ್ಧಿ ಬಂದಾಗಿನಿಂದ ಸೋಮವಾರ ಮೀನು ಮುಟ್ಟಿದವಳಲ್ಲ, ಶ್ರಾವಣವಿಡೀ ಮುಟ್ಟಿದವಳಲ್ಲ, ಸಂಕಷ್ಟಿ, ಏಕಾದಶಿ, ಇಡೀ ಕಾರವಾರವೇ ಹೀಗಲ್ಲವೇ, ನಾಲಗೆಗೆ ಇಷ್ಟು ಗೊತ್ತಿದ್ದದ್ದು ಬೆರಳಿಗೆ ಗೊತ್ತಾಗಲಿಲ್ಲ. ಅಂಕೋಲೆಯ ಯೋಗೇಶನ ಬೇಕರಿಗೆ ಮಾಡಿದ ಹಳೇ ಫೈಲು ಅದು, ಬ್ರೆಡ್ಡು ಅಳಿಸಿ ಮೀನೂಟ ಎಂದು ಹಾಕಿದೆ, ಬ್ರೆಡ್ಡಿಗೆ ಸೋಮವಾರವೂ ಒಂದೇ ಮಂಗಳವಾರವೂ ಒಂದೇ. ವರ್ಷಕ್ಕೆ ಶೇಕಡಾ ಹತ್ತು ಬೆಳವಣಿಗೆ, ಹತ್ತೇ ಯಾಕೆ, ಎಲ್ಲರಿಗೂ ಹತ್ತೇ ಹಾಕುತ್ತೇವೆ ಅದಕ್ಕೆ. ನೂರಿಪ್ಪತ್ತು ಎಲ್ಲಿಂದ ಬಂತು, ಕೈಗಾದ ಬಸ್ಸು ಮೂರು, ಬಸ್ಸಿಗೆ ನಲವತ್ತು ಜನ, ಇಳಿದವರೆಲ್ಲ ಹಸಿದಿರುತ್ತಾರೆ ಎಂದು ಹಿಡಿದೆ, ಅದೇ ಬಸ್ಸಿನಲ್ಲಿ ಹನ್ನೊಂದು ವರ್ಷ ಓಡಾಡಿದ ದಾದಾ ಒಂದು ದಿನವಾದರೂ ಹೊರಗೆ ಉಂಡದ್ದುಂಟೇ, ಬಸ್ಸಿಳಿದರೆ ನೆಟ್ಟಗೆ ಮನೆ, ವೈನಿಯ ಕೈಯ ಬಂಗಡೆ ಸಾರು. ಭಯವಾಗಬೇಕಿತ್ತು. ಆಗುತ್ತಿಲ್ಲ. ಮಡಿಲಲ್ಲಿ ಎರಡು ಕೈ ಇವೆ, ನನ್ನವೇ ಇರಬೇಕು.

ದಿನಾ ಇಷ್ಟು ಹೋಗ್ತಾವೇನ್ರೀ ಮೀನೂಟ, ಮ್ಯಾನೇಜರರು ಕೇಳುತ್ತಿದ್ದಾರೆ, ಬಯಲುಸೀಮೆಯವರು, ಬಂದು ಮೂರು ತಿಂಗಳಾಗಿಲ್ಲ, ನಿಜವಾಗಿಯೂ ತಿಳಿಯಲೆಂದೇ ಕೇಳುತ್ತಿದ್ದಾರೆ, ದಾದಾ ನಗುತ್ತ, ತಂಗಿ ಲೆಕ್ಕ ಮಾಡಿದ್ದು ಸರ್, ಅವ್ಳು ತಪ್ಪೂದಿಲ್ಲ. ಇಲ್ಲ ಎಂದರೆ ಕಾಗದ ವಾಪಸ್, ಹೊಸ ವರದಿ, ಲೆಕ್ಕದಿಂದ ಸೋಮವಾರ ಕಳೆದರೆ, ಶ್ರಾವಣ ಕಳೆದರೆ, ಮನೆಗೆ ಹೋಗಿ ಉಣ್ಣುವವರನ್ನು ಕಳೆದರೆ ಲಾಭವೇ ಉಳಿಯುವುದಿಲ್ಲ, ಸಾಲ ಇಲ್ಲ, ಕೈಗಾದಲ್ಲಿ ಅವನ ಜಾಗಕ್ಕೆ ಆಗಲೇ ಬೇರೆಯವನು ಬಂದಿದ್ದಾನಂತೆ. ಹೌದು ಎಂದರೆ ಮುಳುಗಲಿಕ್ಕೆ ಒಂದು ವರ್ಷ ಸಿಗುತ್ತದೆ, ಇಲ್ಲ ಎಂದರೆ ಇವತ್ತೇ — ಹೋಗ್ತದೆ ಸರ್, ಯಾರೋ ಅಂದರು, ನಾನೇ ಅಂದದ್ದು, ದನಿ ಒಂಚೂರೂ ನಡುಗಲಿಲ್ಲ, ಅದಕ್ಕೇ ನಾಚಿಕೆಯಾಗುತ್ತಿದೆ, ಅದೂ ಸ್ವಲ್ಪವೇ. ಬೆರಳು ಸರಿಯಿತು. ಎಲ್ಲಾ ಪುಟಕ್ಕೂ ಸಹಿ ಮಾಡ್ರಿ, ಹದಿನಾಲ್ಕು ಪುಟ ಅದಾವ. ಒಮ್ಮೆ ಓದಿ ನೋಡು ದಾದಾ ಎಂದು ಮನೆಯಲ್ಲೇ ಅಂದಿದ್ದೆ, ಅವನು ಪುಟ ಮಗುಚಲೂ ಇಲ್ಲ, ನನ್ನ ಮುಖ ನೋಡಿ, ನೀ ಮಾಡಿದ್ದಲ್ಲವಾ, ನಾ ಎಂತ ನೋಡೂದು. ಈಗ ಪೆನ್ನು ಅವನ ಕೈಯಲ್ಲಿ, ಇಲ್ಲಿ ಮಾಡೂದಾ, ಎನ್ನುತ್ತಾನೆ, ಹೂಂ, ಎನ್ನುತ್ತೇನೆ, ಮೊದಲನೇ ಪುಟ, ಸಹಿ ಮಾಡಿ ತಲೆಯೆತ್ತಿ ನನ್ನ ಮುಖ ನೋಡುತ್ತಾನೆ, ಎರಡನೇದು, ಕಾಗದದ ಮೇಲಿರುವುದೇನೆಂದು ನೋಡುವುದಿಲ್ಲ, ನನ್ನ ಮುಖ ನೋಡುತ್ತಾನೆ, ಮೂರು, ಸಹಿ, ನನ್ನ ಮುಖ, ನಾಲ್ಕನೇದು, ಪೆನ್ನು ನಿಂತಿದೆ, ಇಲ್ಲೂ ಮಾಡೂದಾ ನಿಶಾ, ದಾದಾ ನನ್ನ ಮುಖ ನೋಡುತ್ತಿದ್ದಾನೆ