ನೆಲೆಗೊಂಡ ಮಣ್ಣು

"ನಿಂತಿತು!" ಎಂದು ಕೂಗಿ ಎದ್ದ ರಭಸಕ್ಕೆ ಅವನ ಮೊಣಕಾಲು ಮೇಜಿಗೆ ಬಡಿಯಿತು. ಆ ನೋವೂ ಹಿತವೆನಿಸಿತು.

ಕಾಡಿಗೂ ಮಣ್ಣಿಗೂ ನಡುವಿನ ಕೊಡುಕೊಳೆಯನ್ನು ಲೆಕ್ಕಹಾಕಲು ಸಂಸ್ಥೆಗೆ ಒಂದು ಕಂಪ್ಯೂಟರ್ ಮಾದರಿ ಬೇಕಿತ್ತು. ಅವನದೊಂದು, ಪಕ್ಕದ ಮೇಜಿನವಳದೊಂದು. ಮಧ್ಯಾಹ್ನದ ಸಭೆಯಲ್ಲಿ ನಿರ್ದೇಶಕರು ಒಂದನ್ನು ಆರಿಸುವವರಿದ್ದರು. ಪರೀಕ್ಷೆ ಸರಳ: ಕಂಪ್ಯೂಟರಿನೊಳಗೆ ಸಾವಿರಾರು ವರ್ಷ ಓಡಿಸಬೇಕು, ಮಣ್ಣಿನ ಸಾರದ ಏರಿಳಿತ ನಿಲ್ಲಬೇಕು. ಅವಳ ಮಣ್ಣು ಇನ್ನೂ ಓಲಾಡುತ್ತಿತ್ತು. ಪರದೆಯ ಮೇಲೆ ಅವನ ಮಣ್ಣಿನ ಗೆರೆ ಮಾತ್ರ ದಾರ ಎಳೆದು ಕಟ್ಟಿದಷ್ಟು ನೇರ. ಯೌವನವನ್ನೆಲ್ಲ ಇದಕ್ಕೆ ಸುರಿದದ್ದು ಸಾರ್ಥಕವಾಯಿತು.

"ಏನ್ರೀ, ದೆವ್ವ ಹಿಡೀತಾ?" ಪಕ್ಕದವಳು ಕೇಳಿದಳು.

"ನಿಮ್ದು ಇನ್ನೂ ಕುಣೀತಾ ಇದೆಯಾ?"

"ಕುಣೀಲಿ ಬಿಡಿ. ಮರಗಳನ್ನ ನೋಡಿದ್ರಾ?"

"ಮಣ್ಣು ನಿಂತ್ಮೇಲೆ ಮರ ಎಲ್ಲಿಗೆ ಓಡಿಹೋಗುತ್ತೆ?"

ಹೊಟ್ಟೆಕಿಚ್ಚು, ಎಂದುಕೊಂಡು ಹೆಂಡತಿಗೆ ಫೋನ್ ಮಾಡಿದ.

"ನಂದೇ ಕಣೇ ಗೆಲ್ಲೋದು!"

"ಹೌದಾ. ಒಳ್ಳೇದು."

"ಅಷ್ಟೇನಾ?"

"ಮತ್ತೇನನ್ಬೇಕು? ಬರೋವಾಗ ಒಂದು ಬಲ್ಬ್ ತನ್ನಿ."

ಅವರಿಬ್ಬರೂ ಜಗಳವಾಡಿ ವರ್ಷಗಳಾಗಿದ್ದವು. ಗೆಳೆಯರ ಮುಂದೆ ಅದನ್ನವನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ.

ಸಭೆಗೆ ಚಿತ್ರಗಳಿರಲೆಂದು ಮರಗಳ ಲೆಕ್ಕ ತೆರೆದ. ಈವರೆಗೆ ಮಣ್ಣಿನ ಗೆರೆಯಿಂದ ಕಣ್ಣು ಕಿತ್ತಿರಲಿಲ್ಲ. ಸೊನ್ನೆ. ಅದರ ಕೆಳಗೂ ಸೊನ್ನೆ. ಕಾಡು ಎಂದೋ ಸತ್ತುಹೋಗಿತ್ತು. ಉದುರಲು ಎಲೆಯಿಲ್ಲ, ಕೊಳೆಯಲು ಏನೂ ಇಲ್ಲ. ಅದಕ್ಕೇ ಮಣ್ಣು ತಣ್ಣಗೆ ಕೂತಿತ್ತು.

ಎದೆ ಡವಗುಟ್ಟಿತು. ಭಯಕ್ಕೋ, ಇನ್ನೂ ಆರದ ಸಂಭ್ರಮಕ್ಕೋ ತಿಳಿಯಲಿಲ್ಲ. ಅಷ್ಟರಲ್ಲಿ ಸಭೆಗೆ ಕರೆ ಬಂತು.

ನಿರ್ದೇಶಕರು ಬಾಗಿಲಲ್ಲೇ ಬೆನ್ನು ತಟ್ಟಿದರು. "ಶಹಬ್ಬಾಸ್! ನಿಮ್ಮ ಮಣ್ಣು ನಿಂತ್ಬಿಡ್ತಂತೆ, ಗೆದ್ದೇಬಿಟ್ರಲ್ರೀ!"

"ಸರ್, ಒಂದು ಮಾತು..."

"ಮಾತೆಲ್ಲ ಆಮೇಲೆ. ಮೊದ್ಲು ನಿಮ್ಮ ಕಾಡು ತೋರ್ಸಿ."

ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಇಷ್ಟು ಜನ ತನಗಾಗಿ ಯಾವತ್ತೂ ತಟ್ಟಿರಲಿಲ್ಲ. ಬೆರಳು ತಾನಾಗಿ ಗುಂಡಿ ಒತ್ತಿತು.

ಗೋಡೆಯ ಪರದೆ ಬೆಳಗಿತು. ಅಂಚಿನಿಂದ ಅಂಚಿಗೆ ಬೋಳು ಕಂದು ನೆಲ.

"ಮರ ಇನ್ನೂ ಬರ್ತಾ ಇರ್ಬೇಕು. ನಮ್ಮ ಕಂಪ್ಯೂಟರ್ ಸ್ವಲ್ಪ ಸೋಮಾರಿ," ಎಂದರು ಯಾರೋ. ನಗು ಎದ್ದಿತು. ಚೆನ್ನಾಗಿ ಕಾಣಲೆಂದು ಒಬ್ಬರು ದೀಪ ಆರಿಸಿದರು.

ಕಂದು ಬೆಳಕು ಎಲ್ಲರ ಮುಖದ ಮೇಲೂ ಒಂದೇ ಸಮನೆ ಬಿದ್ದಿತ್ತು. ಕುತ್ತಿಗೆ ಚಾಚಿ, ಉಸಿರು ಬಿಗಿಹಿಡಿದು, ಅವರು ಮರಗಳಿಗಾಗಿ ಕಾಯತೊಡಗಿದರು. ಅವನೂ ಕಾದ.